ಬೆರಳಡಿಯ ‘ಏಕೆ’

ಎಂ.ಎಸ್ಸಿ. ಮುಗಿಸಿ ಮೈಸೂರಿನಿಂದ ಊರಿಗೆ ಬಂದ ವರ್ಷ, ಮುಂದಿನ ಕೆಲಸದ ಕರೆ ಬರುವವರೆಗೂ ನಾನು ಸಂಜೆ ಹೊತ್ತು ನಮ್ಮ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ನಮ್ಮೂರು. ಪಾಠ ಹೇಳುವುದು ನಾನಾಗಿ ಬಯಸಿ ಹಚ್ಚಿಕೊಂಡ ಕೆಲಸವಲ್ಲ. ಡೈರಿಗೆ ಹಾಲು ಹಾಕಲು ಹೋಗಿದ್ದ ಅಮ್ಮ ಅಲ್ಲಿದ್ದವರಿಗೆ, “ನಮ್ಮುಡುಗಿ ಸೈನ್ಸ್ ಓದವ್ಳೆ, ಮನೇಲಿ ಸುಮ್ನೆ ಕುಂತವ್ಳೆ, ಕಳ್ಸಿ” ಅಂದುಬಿಟ್ಟಿದ್ದಳು. ಮರುದಿನ ಸಂಜೆ ನೋಡಿದರೆ ಜಗಲಿಯ ಕೆಳಗೆ ಪುಟ್ಟ ಪುಟ್ಟ ಚಪ್ಪಲಿಗಳು.

ನನಗೆ ಮಾತು ಕಡಿಮೆ. ಮಕ್ಕಳ ಮುಂದೆ ಕೂತು ಏನು ಮಾತಾಡುವುದು ಎಂಬ ಹೆದರಿಕೆಯಿತ್ತು. ಆ ಹೆದರಿಕೆ ಬೇಕಿರಲಿಲ್ಲ. ಬಂದವರಲ್ಲೊಬ್ಬ ಹುಡುಗ ಎಲ್ಲರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ.

ಅವರೆಲ್ಲ ನಾಲ್ಕನೇ, ಐದನೇ ತರಗತಿಯವರು. ಎಲ್ಲರೂ ನನ್ನನ್ನು ಅಕ್ಕ ಅನ್ನುತ್ತಿದ್ದರು, ಒಬ್ಬಳನ್ನು ಬಿಟ್ಟು. ಎದುರು ಮನೆಯ ಹುಡುಗಿ, ಐದನೇ ತರಗತಿ. ಅವಳು ಮಿಸ್ ಅನ್ನುತ್ತಿದ್ದಳು. ಮಾತುಗಾರ ಹುಡುಗ ಅದಕ್ಕೂ ತಕರಾರು ತೆಗೆದ.

“ಲೇ, ಇವ್ರೇನ್ ಸ್ಕೂಲ್ ಮಿಸ್ಸಾ? ಅಕ್ಕ ಅನ್ನೇ.”

“ನಂಗೆ ಅಕ್ಕ ಅವ್ಳೆ” ಅಂದಳು ಹುಡುಗಿ. ಅಷ್ಟೇ ಅಂದಳು.

ಅವಳ ಅಕ್ಕ ತುರುವೇಕೆರೆ ಕಡೆಯ ಒಂದು ವಸತಿ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಳು. ಹಬ್ಬಕ್ಕೆ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಆ ಶಾಲೆಗೆ ಹೊಸಬರನ್ನು ತೆಗೆದುಕೊಳ್ಳುವುದು ಆರನೇ ತರಗತಿಗೆ ಮಾತ್ರ, ಅದೂ ಲಿಖಿತ ಪರೀಕ್ಷೆ ಬರೆದು ಗೆದ್ದವರನ್ನು. ಹಾಗಾಗಿ ಈ ಹುಡುಗಿಗೆ ಅಕ್ಕನಿರುವಲ್ಲಿಗೆ ಹೋಗಲು ಇದ್ದದ್ದು ಅದೊಂದೇ ವರ್ಷ, ಒಂದೇ ಪರೀಕ್ಷೆ. ಅದರ ಬಗ್ಗೆ ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಅವಳಮ್ಮ ಒಮ್ಮೆ ನಮ್ಮಮ್ಮನ ಹತ್ತಿರ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು: ದೊಡ್ಡವಳು ಹೋದಾಗಿನಿಂದ ಚಿಕ್ಕವಳು ಗೋಡೆ ಕಡೆ ಅಕ್ಕನ ಜಾಗ ಬಿಟ್ಟೇ ಮಲಗುತ್ತಾಳಂತೆ. ಎಷ್ಟೇ ಹೊರಳಾಡಿದರೂ ಆ ಜಾಗಕ್ಕೆ ಹೋಗುವುದಿಲ್ಲವಂತೆ.

ಆ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಿಪಟೂರಿನಲ್ಲಿ ಜೆರಾಕ್ಸ್ ಮಾಡಿಸಿ ತಂದೆ. ಗಿಡದ ಭಾಗಗಳನ್ನು ಹೆಸರಿಸಿ, ಬಿಟ್ಟ ಸ್ಥಳ ತುಂಬಿ ಎಂಬಂಥವು ಕೆಲವು. ಉಳಿದವೆಲ್ಲ ಬೇರೆ ತರಹ. ದಿನನಿತ್ಯ ಕಾಣುವ ಯಾವುದೋ ಒಂದು ಸಂಗತಿಯನ್ನು ಕೊಟ್ಟು, ಕೊನೆಗೆ ‘ಏಕೆ? ಕಾರಣ ಕೊಟ್ಟು ವಿವರಿಸಿ’ ಎಂದಿರುತ್ತಿತ್ತು. ಎಲ್ಲ ಮಕ್ಕಳಿಗೂ ಒಂದೊಂದು ಪ್ರತಿ ಕೊಟ್ಟು ಬರೆಯಲು ಹೇಳಿದೆ.

ಹುಡುಗಿಯ ಅಕ್ಷರ ಮುತ್ತಿನಂತಿತ್ತು. ಹೆಸರಿಸಿದ್ದು, ತುಂಬಿದ್ದು, ಹೊಂದಿಸಿದ್ದು ಎಲ್ಲ ಸರಿ. ‘ಏಕೆ’ ಇದ್ದಲ್ಲೆಲ್ಲ ಖಾಲಿ. ಒಂದಕ್ಷರವೂ ಇಲ್ಲ.

“ಇವನ್ನ ಯಾಕೆ ಬಿಟ್ಟಿದ್ದೀಯ?” ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. “ತಪ್ಪಾಯ್ತು ಮಿಸ್.”

“ತಪ್ಪು ಅಂತಲ್ಲ. ಯಾಕೆ ಬಿಟ್ಟೆ ಅಂತ ಕೇಳ್ದೆ ಅಷ್ಟೆ.”

ಅವಳ ಕಣ್ಣು ತುಂಬಿಕೊಂಡಿತು. ಮಾತುಗಾರ ನಡುವೆ ಬಂದ. “ಅಕ್ಕ, ಅವ್ಳನ್ನ ಯಾಕೆ ಅನ್ಬೇಡಿ. ಯಾಕೆ ಅಂದ್ರೆ ಮುಗೀತು, ಅವ್ಳು ಅಷ್ಟೇಯ.”

ನಾನು ಅವನ ಹಾಳೆ ತೆಗೆದುಕೊಂಡೆ. ‘ಬೇಸಿಗೆಯಲ್ಲಿ ಕಾಯಿಸದೆ ಇಟ್ಟ ಹಾಲು ಬೇಗ ಕೆಡುತ್ತದೆ. ಏಕೆ?’ ಎಂಬ ಪ್ರಶ್ನೆಯ ಕೆಳಗೆ ಅವನು ‘ನಾನು ಮುಟ್ಟಿಲ್ಲ’ ಎಂದು ಬರೆದಿದ್ದ.

ನಗು ತಡೆಯಲಾಗಲಿಲ್ಲ. ಅವನಿಗೆ ಸಿಟ್ಟು ಬಂತು. “ನಿಜವಾಗ್ಲೂ ಮುಟ್ಟಿಲ್ಲ ಕಣಕ್ಕ! ಮೊನ್ನೆ ನಮ್ಮನೇಲಿ ಹಾಲೊಡ್ದೋಯ್ತು, ಎಲ್ರೂ ನನ್ನೇ ಅಂದ್ರು.”

ನಾಲ್ಕನೇ ತರಗತಿಯ ಇನ್ನೊಂದು ಹುಡುಗಿಯ ಹಾಳೆಯಲ್ಲಿ, ‘ಹೊರಗೆ ಬಿಟ್ಟ ಮಚ್ಚಿಗೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಏಕೆ?’ ಎಂಬುದಕ್ಕೆ, ‘ಇನ್ನು ಮೇಲೆ ಒಳಗೆ ಇಡುತ್ತೇವೆ’ ಎಂದಿತ್ತು.

ಮಕ್ಕಳು ಹೋದ ಮೇಲೆ ಚಾಪೆ ಸುತ್ತಿಟ್ಟು ಜಗಲಿಯಲ್ಲೇ ಕೂತಿದ್ದೆ. ಎದುರು ಮನೆಯಿಂದ ಹುಡುಗಿಯ ಅಮ್ಮನ ದನಿ ಕೇಳುತ್ತಿತ್ತು. “ಯಾಕೇ ಇಷ್ಟೊತ್ತು? ಯಾಕೆ ಬಿಂದಿಗೆ ಬಾಗ್ಲಲ್ಲಿಟ್ಟೆ? ಯಾಕ್ ಹಿಂಗೆ ಕಂಬದಂಗೆ ನಿಂತಿದ್ದೀಯ?” ಆಕೆ ಕೆಟ್ಟವರಲ್ಲ. ಗಂಡ ಎಳನೀರು ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಹಸು, ಹಾಲು, ಚಿಕ್ಕದೊಂದು ತೋಟ, ಅಡುಗೆ ಎಲ್ಲ ಆಕೆಯದೇ. ಆ ದನಿಯಲ್ಲಿ ಇದ್ದದ್ದು ದಣಿವು. ಹುಡುಗಿಯ ದನಿ ಒಮ್ಮೆಯೂ ಕೇಳಲಿಲ್ಲ. ಅಷ್ಟರಲ್ಲಿ ನಮ್ಮಮ್ಮ ಒಳಗಿನಿಂದ, “ಯಾಕಿನ್ನೂ ಆಚೆ ಕುಂತಿದ್ದೀಯ, ಸೊಳ್ಳೆ ಕಚ್ಚಲ್ವಾ?” ಅಂದಳು. ನಾನು ಉತ್ತರ ಕೊಡದೆ ಎದ್ದು ಒಳಗೆ ಹೋದೆ.

ಹೊಸಿಲು ದಾಟುವಾಗ ಹೊಳೆಯಿತು. ನಾನು ಮಾಡಿದ್ದೂ ಅದನ್ನೇ.

ನಮ್ಮ ಕಡೆ ‘ಯಾಕೆ’ಗೆ ಪ್ರಶ್ನೆಯ ಗುರುತು ಇರುವುದು ಕಾಗದದ ಮೇಲೆ ಮಾತ್ರ. ಬಾಯಲ್ಲಿ ಅದು ಬೈಗುಳದ ಮೊದಲ ಮಾತು. ಅದಕ್ಕೆ ಸುಮ್ಮನಿರಬೇಕು, ಇಲ್ಲವೇ ತಪ್ಪಾಯ್ತು ಅನ್ನಬೇಕು, ಇಲ್ಲವೇ ನಾನಲ್ಲ ಅನ್ನಬೇಕು. ಕಾರಣ ಹೇಳಹೊರಟ ಮಗುವಿಗೆ ಸಿಗುವುದು, “ಎದುರುತ್ತರ ಕೊಡ್ತೀಯಾ?” ಎಂಬ ಎರಡನೆಯ ಬೈಗುಳ. ಅಂಥ ಮಕ್ಕಳ ಮುಂದೆ ಪ್ರಶ್ನೆಪತ್ರಿಕೆ ಬಂದು, ಏಕೆ, ಕಾರಣ ಕೊಡು ಎಂದರೆ ಅವರಾದರೂ ಏನು ಮಾಡಬೇಕು? ಒಬ್ಬ ಮುಟ್ಟಿಲ್ಲ ಅಂದ. ಒಬ್ಬಳು ಒಳಗಿಡುತ್ತೇವೆ ಅಂದಳು. ಎದುರು ಮನೆಯವಳು ಸುಮ್ಮನಿದ್ದಳು.

ಮರುದಿನ ನಮ್ಮ ಅಟ್ಟ ಹತ್ತಿದೆ. ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಒಡೆದು ಒಣಗಿಸುವುದಿಲ್ಲ. ಇಡೀ ಕಾಯಿಯನ್ನೇ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಕಾಲ ರಾಶಿ ಹಾಕಿಡುತ್ತೇವೆ. ಒಳಗಿನ ನೀರು ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಉಂಡೆ ಕೊಬ್ಬರಿ. ಬಿಟ್ಟುಕೊಂಡಿದೆಯೋ ಇಲ್ಲವೋ ಎಂಬುದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತಿಳಿಯುತ್ತಾರೆ. ನಾನು ಗಾತ್ರದಲ್ಲಿ ಒಂದೇ ಸಮ ಇರುವಂತೆ ನೋಡಿ ಮೂರು ಕಾಯಿ ಆರಿಸಿದೆ: ಒಂದು ಹೊಸದು, ಒಂದು ಅರ್ಧ ವರ್ಷದ್ದು, ಒಂದು ಹಳೆಯದು. ಸಿಪ್ಪೆ ಸುಲಿಸಿ ಜಗಲಿಯಲ್ಲಿ ಇಟ್ಟೆ.

ಹುಡುಗಿ ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದಳು.

“ಇದ್ರಲ್ಲಿ ತುಂಬ ನೀರೈತೆ. ಇದ್ರಲ್ಲಿ ಇನ್ನೊಸಿ ಐತೆ. ಇದು ಬಿಟ್ಕಂಡೈತೆ.”

ಯಾಕೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. “ಹೆಂಗ್ ಗೊತ್ತಾಯ್ತು?” ಅಂದೆ.

ನಮ್ಮ ಮಾತಿನಲ್ಲಿ ‘ಹೆಂಗ್ ಗೊತ್ತಾಯ್ತು’ ಅನ್ನುವುದು ಗುಟ್ಟನ್ನು ಕಂಡುಹಿಡಿದವರಿಗೆ. ಅದರಲ್ಲಿ ಬೆರಗಿದೆ, ಒಸಿ ಸೋಲೂ ಇದೆ. ಹುಡುಗಿ ಕಣ್ಣು ಬಿಟ್ಟು ನನ್ನ ಮುಖ ನೋಡಿದಳು.

“ನೀರಿದ್ರೆ ಗಳಗಳ ಅಂತದೆ ಮಿಸ್. ಕಮ್ಮಿಯಾದ್ರೆ ಚಳಕ್ ಅಂತದೆ. ಇದ್ರಲ್ಲಿ ನೀರೇ ಇಲ್ಲ, ಕೊಬ್ಬರಿ ಒಳಗೇ ಉಳ್ಳಾಡ್ತೈತೆ, ಲೊಟಲೊಟ ಅಂತದೆ.”

ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ಸರಿ, ನೀರು ಎಲ್ಲಿಗೆ ಹೋಯ್ತು?”

“ಕಾಯಿನೇ ಕುಡ್ಕಂತದೆ ಕಣಕ್ಕ. ನಮ್ಮಜ್ಜಿ ಹೇಳೈತೆ” ಅಂದ ಮಾತುಗಾರ.

ಹುಡುಗಿ ಹೊಸ ಕಾಯಿಯನ್ನು ಒಂದು ಕೈಯಲ್ಲಿ, ಹಳೆಯದನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗುತ್ತಿದ್ದಳು. “ಇಲ್ಲ ಬುಡು” ಅಂದಳು. “ನೀನ್ ಒಂದ್ ಚೊಂಬು ನೀರ್ ಕುಡಿದ್ರೆ ಆ ನೀರ್ ಎಲ್ಲಿರ್ತದೆ?”

“ಹೊಟ್ಟೇಲಿ.”

“ನೀನ್ ಹಗುರ ಆಯ್ತೀಯಾ?”

“ನಾನ್ಯಾಕೆ ಹಗುರಾಗ್ಲಿ?”

“ಈ ಕಾಯಿ ಹಗುರಾಗೈತೆ ನೋಡ್ಲಾ. ಕುಡ್ಕಂಡಿದ್ರೆ ತೂಕ ಹಂಗೇ ಇರ್ಬೇಕಿತ್ತು. ನೀರು ಆಚಿಕೆ ಹೋಗೈತೆ.”

“ಚಿಪ್ಪಲ್ಲಿ ತೂತೇ ಇಲ್ವಲ್ಲೇ!”

“ತೂತ್ ಕಾಣಲ್ಲ. ಆದ್ರೂ ಹೋಯ್ತದೆ. ಅಟ್ಟದಲ್ಲಿ ಹೆಂಚಿನ ಬಿಸಿ ತಾಕೋ ಕಡೆ ಇಟ್ಟವು ಬೇಗ ಬಿಟ್ಕಂತವೆ, ಗ್ವಾಡೆ ಮೂಲೇವು ನಿಧಾನ. ಬರೀ ಕುಡಿಯೋದಾಗಿದ್ರೆ ಎಲ್ಲಿಟ್ರೂ ಒಂದೇ ಅಲ್ವಾ?”

ಕಂಡದ್ದು, ಅದರಿಂದ ತಿಳಿದದ್ದು, ಹಾಗಲ್ಲದಿದ್ದರೆ ಏನಾಗಬೇಕಿತ್ತು ಎಂಬುದು, ಮೂರೂ ಅವಳ ಮಾತಿನಲ್ಲಿ ಸರಿಯಾದ ಜಾಗದಲ್ಲಿ ಕೂತಿದ್ದವು. ಅವಳಿಗೆ ಇಲ್ಲದಿದ್ದದ್ದು ಆವಿ ಎಂಬ ಪಾಠದ ಪದ ಮಾತ್ರ. ಅದನ್ನು ಹೇಳಿಕೊಟ್ಟೆ. ಸ್ವಲ್ಪ ನೀರನ್ನು ತಿರುಳು ಹೀರಿಕೊಳ್ಳುವುದೂ ನಿಜ, ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದೂ ಹೇಳಿದೆ. “ನೋಡ್ದೇನೇ!” ಎಂದು ಮಾತುಗಾರ ಗೆದ್ದವನಂತೆ ಕಾಲು ಚಾಚಿದ.

ಅವತ್ತಿನಿಂದ ನಮ್ಮ ಜಗಲಿಯಲ್ಲಿ ಒಂದು ಪದ್ಧತಿ ಶುರುವಾಯಿತು. ಪತ್ರಿಕೆಯಲ್ಲಿ ‘ಏಕೆ’ ಸಿಕ್ಕಲ್ಲಿ ಅದರ ಮೇಲೆ ಬೆರಳಿಡುವುದು. ಬೆರಳಿನಡಿಯಲ್ಲಿ ‘ಹೆಂಗ್ ಗೊತ್ತಾಯ್ತು’ ಎಂದು ಬರೆದಿದೆ ಅಂದುಕೊಳ್ಳುವುದು. ಆಮೇಲೆ ಉತ್ತರ. ಮಾತುಗಾರ ಇಡೀ ಅಂಗೈಯನ್ನೇ ಇಟ್ಟು ಪ್ರಶ್ನೆಯನ್ನೆಲ್ಲ ಮುಚ್ಚಿ, ಪ್ರಶ್ನೆ ಏನೆಂದು ನನ್ನನ್ನೇ ಕೇಳುತ್ತಿದ್ದ. ಹುಡುಗಿ ತೋರುಬೆರಳನ್ನು ಮೆಲ್ಲಗೆ, ಎಚ್ಚರಿಕೆಯಿಂದ ಇಡುತ್ತಿದ್ದಳು. ಅಡಿಯಲ್ಲಿ ಇರುವೆಯೊಂದು ಇದೆಯೇನೋ, ಅದಕ್ಕೆ ನೋಯಬಾರದೇನೋ ಎನ್ನುವ ಹಾಗೆ. ಎಲ್ಲ ದಿನವೂ ಉತ್ತರ ಬರುತ್ತಿರಲಿಲ್ಲ. ಕೆಲವು ಸಲ ಕಂಡದ್ದನ್ನು ಬರೆದು, ಅದರಿಂದ ಏನು ತಿಳಿಯಿತು ಎನ್ನುವ ಹೊತ್ತಿಗೆ ನಿಂತುಬಿಡುತ್ತಿದ್ದಳು. ನಾನು ಕಾಯುತ್ತಿದ್ದೆ. ಕಾಯುವುದು ನನಗೆ ಬರುತ್ತಿತ್ತು.

ಒಂದು ಸಂಜೆ ಅವಳ ಅಮ್ಮ ನೇರವಾಗಿ ಜಗಲಿಯ ಹತ್ತಿರವೇ ಬಂದರು. “ಯಾಕೇ, ಇನ್ನೂ ಮುಗೀಲಿಲ್ವಾ?”

ಹುಡುಗಿ ತಟ್ಟನೆ ಪುಸ್ತಕ ಮುಚ್ಚಿದಳು. ಕಾಗದದ ಮೇಲಿನ ‘ಏಕೆ’ಗೆ ಬೆರಳಿಡಬಹುದು, ಅಮ್ಮನ ದನಿಗೆ ಎಲ್ಲಿ ಇಡುವುದು?

ನನಗೆ ಹೇಳಬೇಕಾದ್ದು ಬಹಳ ಇತ್ತು. ಆದರೆ ಹಿರಿಯರಿಗೆ ಹೇಳುವಷ್ಟು ಮಾತು ನನಗೆ ಬರುವುದಿಲ್ಲ. “ಇನ್ನೊಂದೇ ಪ್ರಶ್ನೆ ಐತೆ, ಕುಂತ್ಕಳಿ ಚಿಕ್ಕಮ್ಮ” ಅಂದೆ.

ಆಕೆ ಜಗಲಿಯ ಅಂಚಿನಲ್ಲಿ ಕೂತರು. ಪ್ರಶ್ನೆ, ಅನ್ನ ಬೇಯುವಾಗ ಮುಚ್ಚಳದ ಒಳಗೆ ನೀರಿನ ಹನಿ ಏಕಿರುತ್ತದೆ ಎಂಬುದು. ಹುಡುಗಿ ಮೊದಲು ಅಮ್ಮನ ಕಡೆ ನೋಡಿದಳು, ಆಮೇಲೆ ಬೆರಳಿಟ್ಟಳು. ಶುರುವಿನಲ್ಲಿ ದನಿ ಏಳಲಿಲ್ಲ. ಹೇಳುತ್ತ ಹೇಳುತ್ತ, ಆವಿ ಮೇಲೆ ಹೋಗಿ ಮುಚ್ಚಳಕ್ಕೆ ತಾಕಿ ತಣ್ಣಗಾಗಿ ಮತ್ತೆ ನೀರಾಗುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳುತ್ತಿದ್ದರು.

“ಮನೇಲಿ ಬಾಯೇ ಬುಡಲ್ಲ ಕಣಮ್ಮ ಇವ್ಳು” ಅಂದರು ನನಗೆ.

“ಕೇಳಿದ್ರೆ ಹೇಳ್ತಾಳೆ.”

“ಕೇಳ್ತಾನೇ ಇರ್ತೀನಲ್ಲ! ಬೆಳಗ್ಗೆಯಿಂದ ಯಾಕೆ, ಯಾಕೆ, ಯಾಕೆ ಅಂತ ಬಡ್ಕಂತಾನೇ ಇರ್ತೀನಿ.”

ಮಾತುಗಾರ ಕಿಸಕ್ಕನೆ ನಕ್ಕ. ಹುಡುಗಿಗೂ ನಗು ಬಂತು. ಆಕೆಗೆ ಏನು ತಿಳಿಯಿತೋ, ಇಬ್ಬರನ್ನೂ ಒಮ್ಮೆ ನೋಡಿ, ಎಂದಿನಂತೆ ಬೈಯದೆ ಮಗಳ ಬ್ಯಾಗು ತಾವೇ ಎತ್ತಿಕೊಂಡು ಎದ್ದರು.

ಪರೀಕ್ಷೆ ತಿಪಟೂರಿನಲ್ಲಿತ್ತು. ಹುಡುಗಿ, ಅವಳ ಅಮ್ಮ, ನಾನು ಕ್ರಾಸಿನಲ್ಲಿ ಬಸ್ಸು ಹತ್ತಿದೆವು. ಮಗಳು ಒಳಗೆ ಹೋದ ಮೇಲೆ ನಾವಿಬ್ಬರೂ ಶಾಲೆಯ ಹೊರಗೆ ಹೊಂಗೆ ಮರದ ನೆರಳಲ್ಲಿ ಕೂತೆವು. ಪರೀಕ್ಷೆ ಮುಗಿಸಿ ಹೊರಗೆ ಬರುವಾಗ ಅವಳ ನಡಿಗೆಯಲ್ಲಿ ಏನೂ ತಿಳಿಯುವಂತಿರಲಿಲ್ಲ.

“ಮಣ್ಣಿನ ಮಡಕೆ ನೀರು ತಣ್ಣಗಿರ್ತದೆ, ಸ್ಟೀಲ್ ಬಿಂದಿಗೇದು ಇರಲ್ಲ, ಏಕೆ ಅಂತ ಕೇಳಿದ್ರು ಮಿಸ್” ಅಂದಳು. “ಮಡಕೆ ಹೊರಗೆ ಮುಟ್ಟಿದ್ರೆ ಒದ್ದೆ ಇರ್ತದೆ ಅಂತ ಬರ್ದೆ. ಯಾರೂ ಕುಡೀದಿದ್ರೂ ಸಂಜೆಗೆ ನೀರು ಇಳ್ದಿರ್ತದೆ, ಅದ್ರಿಂದ ಆವಿಯಾಗೋದು ಗೊತ್ತಾಯ್ತದೆ, ಹೋಗೋವಾಗ ಬಿಸೀನೂ ತಗೊಂಡ್ ಹೋಯ್ತದೆ ಅಂತ ಬರ್ದೆ.”

“ಬೆರಳಿಟ್ಯಾ?”

“ಇಟ್ಟೆ. ಆಮೇಲೆ ಬೆರಳು ತೆಗೆದು ಆ ‘ಏಕೆ’ನೂ ನೋಡ್ದೆ.” ಸ್ವಲ್ಪ ತಡೆದು ಅಂದಳು, “ಏನೂ ಆಗ್ಲಿಲ್ಲ.”

ಫಲಿತಾಂಶ ಫೋನಿಗೆ ಬಂತು. ಅವಳ ಅಮ್ಮ ಫೋನು ಹಿಡಿದುಕೊಂಡು ಓಡಿ ಬಂದು, “ಇದೇನ್ ಬರ್ದವ್ರೆ ನೋಡಮ್ಮ” ಎಂದು ನನ್ನ ಕೈಗೆ ಕೊಟ್ಟರು. ಓದಿ, ಸೀಟು ಸಿಕ್ಕಿದೆ ಅಂದೆ. ಆಕೆ ಇನ್ನೊಂದು ಸಲ ಓದಿಸಿದರು. ಹಿಂದೆಯೇ ಬಂದಿದ್ದ ಹುಡುಗಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಳುತ್ತಿದ್ದಳು.

ಅವಳಮ್ಮ ಹತ್ತಿರ ಹೋಗಿ ಬಗ್ಗಿ, ಗಲ್ಲ ಹಿಡಿದು ಮುಖ ಎತ್ತಿದರು.

“ಯಾಕವ್ವ?” ಅಂದರು.

ಅದೇ ಮಾತು. ಆದರೆ ಆ ದನಿಯಲ್ಲಿ ಅದನ್ನು ನಾನು ಆ ಮನೆಯಿಂದ ಯಾವತ್ತೂ ಕೇಳಿರಲಿಲ್ಲ. ಕೇಳಿ, ಆಕೆ ಉತ್ತರಕ್ಕಾಗಿ ಕಾದರು.

“ಯಾಕೆ ಅಂದ್ರೆ,” ಎಂದು ಹುಡುಗಿ ಶುರು ಮಾಡಿ, ಮೂಗು ಒರೆಸಿಕೊಂಡು, ಪೂರ್ತಿ ವಾಕ್ಯ ಹೇಳಿದಳು: “ಅಕ್ಕನೂ ಇಲ್ಲ, ನಾನೂ ಹೋದ್ರೆ ನೀನ್ ಯಾರ್ನ ಬಯ್ಯದು?”

ಅವಳಮ್ಮನಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ ನನಗೆ ಗೊತ್ತಾಗಲಿಲ್ಲ. ಮಗಳನ್ನು ಎದೆಗೆ ಒತ್ತಿಕೊಂಡು, ಅವಳ ತಲೆಯ ಮೇಲೆ ಗದ್ದ ಊರಿ, “ನಿಮ್ಮಪ್ಪ ಇಲ್ವೇನೇ, ಬುಡು” ಅಂದರು.