ಪ್ರಮೀಳಕ್ಕನ ಕನ್ನಡಿ ಪಾಠ

ದೇವದುರ್ಗದ ಬಸ್ಸಿಗೆ ಪ್ರಮೀಳಕ್ಕ ಹತ್ತುವ ಮೊದಲು ಅವರ ಕನ್ನಡಿ ಹತ್ತುತ್ತಿತ್ತು. ಹಳೆಯ ಅಲಮಾರಿಯಿಂದ ಬಿಚ್ಚಿದ ಆಳೆತ್ತರದ ಕನ್ನಡಿ, ಹೂವಿನ ಚಾದರದಲ್ಲಿ ಸುತ್ತಿರುತ್ತಿತ್ತು. ಒಂದು ತುದಿ ಅವರ ಕೈಯಲ್ಲಿ; ಸಂಘದ ಕಾರ್ಯದರ್ಶಿಯಾದ ತಪ್ಪಿಗೆ ಇನ್ನೊಂದು ತುದಿ ನನ್ನ ಕೈಯಲ್ಲಿ. ಒಮ್ಮೆ ರಾಯಚೂರು ನಿಲ್ದಾಣದಲ್ಲಿ ಕಂಡಕ್ಟರ್ ಬಾಗಿಲಲ್ಲೇ ತಡೆದ.

“ನಿಮಗ ತಿಕೀಟ ಫ್ರೀ ಅದ ರೀ ಯಕ್ಕಾ, ಕನ್ನಡಿಗಿಲ್ಲ. ಲಗೇಜ್ ತಿಕೀಟ ತಗೀರಿ.”

“ಇದೂ ಹೆಣ್ಮಕ್ಕಳ ಕೆಲಸಕ್ಕ ಹೊಂಟದ ತಮ್ಮಾ.”

“ಹಂಗಂದ್ರ ಅದರ ಆಧಾರ್ ಕಾರ್ಡ್ ತೋರಸ್ರಿ.”

ಇಡೀ ಬಸ್ಸು ನಕ್ಕಿತು. ಪ್ರಮೀಳಕ್ಕ ನಗಲಿಲ್ಲ. ಅಲ್ಲೇ ನಿಂತು ಅವನಿಗೆ ಹೆಣ್ಣುಮಕ್ಕಳ ಆತ್ಮವಿಶ್ವಾಸದ ಬಗ್ಗೆ ಉಪನ್ಯಾಸ ಶುರು ಮಾಡಿದರು. ಬಸ್ಸು ಊರು ದಾಟುವ ಹೊತ್ತಿಗೆ ಅವನು ಲಗೇಜಿನ ಆಸೆ ಬಿಟ್ಟು ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಿದ್ದ.

ಹೆಣ್ಣುಮಕ್ಕಳಲ್ಲಿ ಧೈರ್ಯ ತುಂಬಬೇಕೆಂದು ರಾಯಚೂರಿನಲ್ಲಿ ನಾವು ಏಳೆಂಟು ಜನ ಕಟ್ಟಿಕೊಂಡ ಸಂಘ ಅದು. ಮೊದಲ ಅಧ್ಯಕ್ಷೆ ವರ್ಗವಾಗಿ ಹೋದಾಗ, ಮುಂದೆ ಯಾರು ಎಂದು ಸಭೆಯಲ್ಲಿ ಕೇಳಲಾಯಿತು. ಸಂಬಳವಿಲ್ಲದ ಕುರ್ಚಿ, ಎಲ್ಲರೂ ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ಮಂಡಾಳ ಒಗ್ಗರಣೆ ನೋಡತೊಡಗಿದೆವು. ಆಗ ಪ್ರಮೀಳಕ್ಕ ಎದ್ದರು.

“ಯಾರೂ ಮುಂದ ಬರಂಗಿಲ್ಲಂದ್ರ ನಾನೇ ಆಗ್ತೀನಿ ಬಿಡ್ರಿ. ನನಗೇನೂ ಕುರ್ಚಿ ಆಸಿ ಇಲ್ಲ.”

ಆಸೆ ಇಲ್ಲದವರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಸ್ವೀಕಾರ ಭಾಷಣವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅದು ಮುಗಿಯುವಷ್ಟರಲ್ಲಿ ಮಿರ್ಚಿ ಭಜ್ಜಿ ತಣ್ಣಗಾಗಿ ಮುದುಡಿಕೊಂಡಿತ್ತು.

ಅವರದು ಶಕ್ತಿನಗರದ ಕ್ವಾರ್ಟರ್ಸಿನಲ್ಲಿ ಮನೆ, ಗಂಡ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರು. ಭಾನುವಾರ ಬಂತೆಂದರೆ ಅಕ್ಕ ಯಾವುದಾದರೂ ಹಳ್ಳಿಯ ಶಾಲೆಯಲ್ಲಿ ಹಾಜರು. ಹುಡುಗಿಯರು ಒಬ್ಬೊಬ್ಬರಾಗಿ ಕನ್ನಡಿಯ ಮುಂದೆ ನಿಂತು, “ನಾನು ಯಾರಿಗೂ ಕಮ್ಮಿ ಇಲ್ಲ” ಎಂದು ಕೂಗಬೇಕು. ಅವರು ನಗು ತಡೆಯಲಾಗದೆ ದುಪಟ್ಟಾ ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಯಾರಾದರೂ ಧೈರ್ಯ ಮಾಡಿ ಎರಡು ಮಾತು ಜಾಸ್ತಿ ಆಡಿದರೆ, “ಹಂಗಲ್ಲವ್ವಾ, ಈ ಕಡಿ ಸರಿ, ನಾ ಹೇಳ್ತೀನಿ ನೋಡು” ಎಂದು ಅಕ್ಕ ತಾವೇ ಕನ್ನಡಿಯ ಮುಂದೆ ನಿಲ್ಲುತ್ತಿದ್ದರು. ಕನ್ನಡಿ ಹೆಚ್ಚಾಗಿ ನೋಡಿದ್ದು ಅವರ ಮುಖವನ್ನೇ.

ಆದರೆ ಒಂದು ಪಾಠ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು. “ನೀವು ಮಾತಾಡಾಕತ್ತಾಗ ಯಾರರ ನಡಬರಕ ಬಾಯಿ ಹಾಕಿದ್ರ ಸುಮ್ಮನಾಗಬ್ಯಾಡ್ರಿ. ಬೈಬ್ಯಾಡ್ರಿ, ಅಳಬ್ಯಾಡ್ರಿ. ಕೈ ಹಿಂಗ ಎತ್ತಿ, ‘ನಂದಿನ್ನಾ ಮುಗದಿಲ್ರಿ’ ಅನ್ರಿ. ಅಪ್ಪ ಇರ್ಲಿ, ಸಾಹೇಬ ಇರ್ಲಿ, ಇಷ್ಟ ಅನ್ರಿ ಸಾಕು.” ಹೀಗೆ ಹೇಳುವಾಗ ಎದೆಯ ಮಟ್ಟಕ್ಕೆ ಅಂಗೈ ಎತ್ತಿ ತೋರಿಸುತ್ತಿದ್ದರು. ಆಗ ಅವರ ದನಿ ಇಳಿಯುತ್ತಿತ್ತು. ಯಾಕೆಂದು ನಾನು ಕೇಳಲಿಲ್ಲ.

ಜಾಲಹಳ್ಳಿಯ ರೇಣುಕಾ ಈ ಪಾಠವನ್ನು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಕುರಿ ಕಾಯುವ ಯಂಕಪ್ಪನ ಮಗಳು, ಹತ್ತನೆಯದು ಒಳ್ಳೆಯ ಅಂಕದಲ್ಲಿ ಪಾಸು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಮುಂದೆ ಓದಬೇಕೆಂಬುದು ಅವಳ ಹಟ. ಯಂಕಪ್ಪ ಕೆಟ್ಟವನಲ್ಲ, ಅಂಜುಬುರುಕ. “ನಾಕ ಮಂದ್ಯಾಗ ಬಾಯಿ ಬಿಡಲಾರದಾಕಿ ಅಷ್ಟ ದೊಡ್ಡ ಊರಾಗ ಹೆಂಗ ಇರ್ತಾಳ್ರೀ? ಯಾರರ ಏನರ ಅಂದ್ರ ಏನ್ ಮಾಡ್ತಾಳ?” ಎನ್ನುತ್ತಿದ್ದ. ಮಾನ್ವಿಯಲ್ಲಿ ನಮ್ಮ ವಾರ್ಷಿಕ ಸಮಾರಂಭದಲ್ಲಿ ಅವಳು ಮಾತನಾಡುವುದನ್ನು ನೋಡಿ ಕಳಿಸುವ ಬಿಡುವ ಮಾತು ಹೇಳುತ್ತೇನೆ ಎಂದಿದ್ದ. ಅವತ್ತು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದು ಹಿಂದಿನ ಸಾಲಿನಲ್ಲಿ ಕುಳಿತ.

ಆತ್ಮವಿಶ್ವಾಸದ ಸಮಾರಂಭ ಹೇಗಿತ್ತೆಂದರೆ, ಹುಡುಗಿಯರನ್ನೆಲ್ಲ ಬೆಳಿಗ್ಗೆಯಿಂದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿಸಿ ನಿಲ್ಲಿಸಿದ್ದೆವು. ಅತಿಥಿಗಳು ಊಟದ ಹೊತ್ತಿಗೆ ಬಂದರು. ಆಮೇಲೆ ಸನ್ಮಾನ: ಶಾಲು, ಹಾರ, ಹಣ್ಣಿನ ಬುಟ್ಟಿ. ಕೊನೆಯ ಶಾಲು ಅಧ್ಯಕ್ಷೆಗೆ. “ಅಯ್ಯ, ನನಗ್ಯಾಕ್ರೀ ಇದೆಲ್ಲ!” ಎಂದು ಪ್ರಮೀಳಕ್ಕ ಎರಡು ಹೆಜ್ಜೆ ಹಿಂದೆ ಸರಿದರು. ಆ ಶಾಲನ್ನು ಹಿಂದಿನ ದಿನ ಅಂಗಡಿಯಲ್ಲಿ ಅರ್ಧ ರಾಶಿ ಬಿಚ್ಚಿಸಿ, ಸೀರೆಗೆ ಹೊಂದುವುದನ್ನೇ ಆರಿಸಿದವರು ಅವರೇ.

ನಂತರ ಅಧ್ಯಕ್ಷೀಯ ಭಾಷಣ. ಹುಡುಗಿಯರಿಗೆ ಮಾತನಾಡಲು ಅವಕಾಶ ಕೊಡಬೇಕು ಎಂಬುದನ್ನು ಅವರು ಎಷ್ಟು ವಿಸ್ತಾರವಾಗಿ ಹೇಳಿದರೆಂದರೆ, ಹುಡುಗಿಯರಿಗೆ ಹೊತ್ತೇ ಉಳಿಯಲಿಲ್ಲ. ಯಂಕಪ್ಪ ಕಿಟಕಿಯಾಚೆ ಬಿಸಿಲು ಇಳಿದದ್ದನ್ನು ನೋಡಿ ಟವೆಲ್ಲು ಹೆಗಲಿಗೇರಿಸಿ ಎದ್ದುನಿಂತ. ಜಾಲಹಳ್ಳಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗಿತ್ತು. ನಾನು ಓಡಿಹೋಗಿ ಅಕ್ಕನ ಸೆರಗು ಜಗ್ಗಿದೆ. ಅಂತೂ ರೇಣುಕಾಳನ್ನು ಕರೆದರು.

“ನನ್ನ ಹೆಸರು ರೇಣುಕಾ. ನಮ್ಮೂರು ಜಾಲಹಳ್ಳಿ. ನನಗ ಮುಂದ...”

“ನೋಡ್ರಿ, ನೋಡ್ರಿ, ಎಷ್ಟ ಚೆಂದ ಮಾತಾಡ್ತಾಳ!” ಪ್ರಮೀಳಕ್ಕ ಮೈಕು ಕಸಿದುಕೊಂಡರು. “ಈಕಿ ಮೊದಲ ಬಂದಾಗ ಬಾಯಾಗ ಮಾತೇ ಇದ್ದಿಲ್ರಿ. ನಾನು...”

ರೇಣುಕಾ ಎದೆಯ ಮಟ್ಟಕ್ಕೆ ಅಂಗೈ ಎತ್ತಿದಳು.

“ನಂದಿನ್ನಾ ಮುಗದಿಲ್ರಿ.”

ಮೈಕು ಇಲ್ಲದೆಯೂ ಹಿಂದಿನ ಸಾಲಿಗೆ ಕೇಳಿಸಿತು. ಶಾಲು ಹೊದ್ದ ಅತಿಥಿಗಳು ಕುರ್ಚಿಯಲ್ಲಿ ನೆಟ್ಟಗಾದರು. ಪ್ರಮೀಳಕ್ಕನ ಮುಖ ಕೆಂಪಾಯಿತು, ಬಿಳುಪಾಯಿತು. ಬೈಯುತ್ತಾರೆಂದೇ ನಾನು ಅಂದುಕೊಂಡೆ. ಅವರು ಮೈಕನ್ನು ಅವಳ ಕೈಗಿಟ್ಟು ಕುಳಿತುಬಿಟ್ಟರು.

“ಯಪ್ಪಾ, ಕುಂದ್ರು. ಬಸ್ ಹೋದ್ರ ಹೋಗ್ಲಿ,” ಎಂದಳು ರೇಣುಕಾ. “ನಾ ರಾಯಚೂರಾಗ ಓದ್ತೀನಿ. ಅಲ್ಲಿ ಯಾರರ ಏನರ ಅಂದ್ರ ಏನ್ ಮಾಡ್ತೀ ಅಂತ ಕೇಳಿದ್ಯಲ್ಲ, ಈಗ ಮಾಡಿದ್ನಲ್ಲ, ಇದನ್ನ ಮಾಡ್ತೀನಿ.”

ಯಂಕಪ್ಪ ಕುಳಿತ. ಬಸ್ಸು ಹೋಯಿತು. ಆಮೇಲೆ ನನ್ನ ಹತ್ತಿರ ಬಂದು, “ದೊಡ್ಡ ಮೇಡಮ್ಮಾರಿಗೇ ಅಂದಾಳಂದ್ರ ರಾಯಚೂರ ಮಂದಿ ಯಾವ ಲೆಕ್ಕ ಬಿಡ್ರಿ. ಕಳಸ್ತೀನಿ,” ಎಂದ.

ವಾಪಸು ಬರುವಾಗ ಕಲ್ಲೂರಿನವರೆಗೆ ಪ್ರಮೀಳಕ್ಕ ತುಟಿ ಬಿಚ್ಚಲಿಲ್ಲ. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕಂಡದ್ದು. ಕಲ್ಲೂರು ದಾಟಿದ ಮೇಲೆ ಬಾಯಿ ಬಂತು. “ನೋಡಿದ್ರಿಲ್ಲ? ನಾ ಕಲಿಸಿದ್ದು!” ಇನ್ನಷ್ಟು ದೂರ ಹೋದ ಮೇಲೆ, “ಆದ್ರೂ ಅಷ್ಟು ಮಂದ್ಯಾಗ ನನಗ ಅನ್ಬೇಕಿತ್ತೇನ್ರೀ?” ಎಂದರು.

ಕೊನೆಯ ಸಲ ಅವರನ್ನು ನೋಡಿದ್ದು ಶಕ್ತಿನಗರದ ಆ ಮನೆಯಲ್ಲಿ. ಅವರ ಯಜಮಾನರು ನಿವೃತ್ತರಾಗಿ ವಿಜಯಪುರದ ಕಡೆಯ ತಮ್ಮ ಊರಿಗೆ ಹೊರಟಿದ್ದರು. ಸಂಘ ಬಿಡಬೇಡಿ ಎಂದು ಕೇಳಲು ಹೋಗಿದ್ದೆ. ನಾವು ಅವರನ್ನು ನೋಡಿ ಎಷ್ಟು ನಕ್ಕರೂ, ಭಾನುವಾರ ತಪ್ಪಿಸದೆ ಕನ್ನಡಿ ಹೊತ್ತು ಹೋಗುವವರು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ. ಪಡಸಾಲೆಯಲ್ಲಿ ಯಜಮಾನರೇ ಮಾತನಾಡುತ್ತಿದ್ದರು. ಅಕ್ಕ ಮೂಲೆಯ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು.

“ನಾ ಏನಂತೀನಂದ್ರ, ರಾಯಚೂರಾಗೇ ಒಂದು ಸಣ್ಣ ಮನಿ ಮಾಡಿದ್ರ, ಸಂಘದ ಕೆಲಸನೂ...”

“ಈಕಿಗೇನ್ ತಿಳೀತದ್ರೀ,” ಎಂದು ಯಜಮಾನರು ನನ್ನತ್ತ ನೋಡಿ ನಕ್ಕರು. “ಹೋಗು, ಚಾ ತಾ.”

ಪ್ರಮೀಳಕ್ಕನ ಕೈ ತೊಡೆಯಿಂದ ಎದ್ದಿತು. ಎದೆಯ ಮಟ್ಟಕ್ಕೆ ಬಂತು. ಅನ್ರಿ ಅಕ್ಕಾ, ಒಂದು ಸಲ ಅನ್ರಿ ಎಂದು ಒಳಗೇ ಬೇಡಿಕೊಂಡೆ. ಆ ಕೈ ಸೆರಗು ಸರಿಮಾಡಿಕೊಂಡಿತು. ಅವರು ಎದ್ದು ಒಳಗೆ ಹೋದರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಅಳುವೂ ಬಂತು.

ಹೊರಡುವಾಗ ಕನ್ನಡಿಯನ್ನು ನನಗೇ ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಲಗೇಜಿನ ದುಡ್ಡು ಕೇಳಿದ. ವಾದ ಮಾಡದೆ ಕೊಟ್ಟೆ.

ಈಗ ಭಾನುವಾರದ ಪಾಠಕ್ಕೆ ಹಾಸ್ಟೆಲಿನಿಂದ ರೇಣುಕಾ ಬರುತ್ತಾಳೆ. ಕನ್ನಡಿಯ ಇನ್ನೊಂದು ತುದಿ ಅವಳದು. ಮೊನ್ನೆ ಚಾದರ ಬಿಚ್ಚುತ್ತ ಕೇಳಿದಳು: “ಮೇಡಂ ಹೋಗೋ ಮುಂದ ಏನಂದ್ರು ರೀ?”

“ಚಾ ಆರ್ತದ, ಕುಡೀರಿ ಅಂದ್ರು.”

“ಅಷ್ಟೇನಾ?”

“ಅಷ್ಟ.”