ದೇವರ ಕೋಣೆಯ ಗೋಡೆ

ಮಾನ್ವಿಯ ಉದಯಕುಮಾರ ಸಾವುಕಾರನ ಮನೆ ನೋಡಲು ಬಂದವರೆಲ್ಲ ಒಂದೇ ಗೋಡೆಯ ಮುಂದೆ ನಿಂತು, ತಲೆಯಾಡಿಸಿ, ಹೇಳಿ ಕಳಿಸುತ್ತೇವೆಂದು ಹೋಗಿಬಿಡುತ್ತಿದ್ದರು. ಎರೆಮಣ್ಣಿನ ಮೇಲೆ ಕಟ್ಟಿದ ಮನೆ. ಮಲಗುವ ಕೋಣೆಗೂ ದೇವರ ಕೋಣೆಗೂ ನಡುವಿನ ಗೋಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಅಕ್ಕಿ ಗಿರಣಿಯ ಸಾವುಕಾರ ಸಂಸಾರ ಸಮೇತ ರಾಯಚೂರಿಗೆ ಹೋಗುವವನಿದ್ದ. ಮನೆ ಮಾರಾಟವಾಗದೆ ಹೈರಾಣಾಗಿದ್ದ. ಕೊನೆಗೆ ಯಾರೋ ಗದ್ದೆಮ್ಮನ ಹೆಸರು ಹೇಳಿದರು.

ಗದ್ದೆಮ್ಮ ರಾಯಚೂರಿನಲ್ಲಿ ಮನೆಗಳಿಗೆ ಬಣ್ಣ ಹಚ್ಚುವವಳು. ಹುಟ್ಟಿದ್ದು ದೇವದುರ್ಗ ಕಡೆಯ ಜಾಲಹಳ್ಳಿ. ಗಂಡ ಯಂಕೋಬನ ಕಣ್ಣಿಗೆ ಸುಣ್ಣ ಸಿಡಿದು ದೃಷ್ಟಿ ಮಂದವಾದಾಗ ಅವನ ಬ್ರಷ್ಷು ಇವಳ ಕೈಗೆ ಬಂತು. ಹೆಂಗಸು ಏಣಿ ಹತ್ತುತ್ತಾಳೆಂದು ನಕ್ಕವರಿಗೆ ಏಣಿಯ ಮೇಲಿನಿಂದಲೇ ಬೈದಿದ್ದಳು. ಮುಷರ್ರಫ್ ಮೇಸ್ತ್ರಿ ಒಬ್ಬರೇ ನಗದೆ ಕೆಲಸ ಕಲಿಸಿದರು. ಬಿರುಕನ್ನು ಉಳಿಯಿಂದ ಅಗಲ ಮಾಡಿ, ಧೂಳು ತೆಗೆದು, ತಂತಿಯ ಬಲೆ ಕೂರಿಸಿ, ಸಿಮೆಂಟು ತುಂಬಿ, ಅದು ಒಣಗಿದ ಮೇಲಷ್ಟೇ ನುಣುಪಿಗೆಂದು ಬಳಿಯುವ ಪುಟ್ಟಿ. ಹದಿನೆಂಟು ವರ್ಷದಲ್ಲಿ ಆಕೆ ಮುಚ್ಚಿದ ಬಿರುಕು ಮತ್ತೆ ಬಾಯಿ ಬಿಟ್ಟಿದ್ದು ಕಡಿಮೆ. ಆಕೆಯ ಬಾಯಿ ಮುಚ್ಚಿಸಲು ಮಾತ್ರ ಯಾರಿಂದಲೂ ಆಗಿರಲಿಲ್ಲ.

ಸಾವುಕಾರನ ಹೆಂಡತಿ ಅನುರಾಧಾ ಮೊದಲ ದಿನವೇ ಬಾಗಿಲಲ್ಲಿ ತಡೆದಳು.

"ಹಿತ್ತಲ ಕಡಿಂದ ಬಾ. ನೀರು ಬೇಕಾದ್ರ ಹೊರಗ ನಳದಾಗ ಕುಡಿ. ದೇವ್ರ ಮನಿ ಹೊಸ್ತಿಲಾ ಮಾತ್ರ ತುಳೀಬ್ಯಾಡ."

ಯಾಕೆಂದು ಗದ್ದೆಮ್ಮ ಕೇಳಲಿಲ್ಲ. ಕೇಳಿ ತಿಳಿಯಬೇಕಾದ ವಿಷಯ ಅದಾಗಿರಲಿಲ್ಲ.

"ಸೀಳಿದ್ದು ಒಂದ ಗ್ವಾಡಿ ಅದರೀ ಅಮ್ಮಾರ. ಈ ಕಡಿ ಮಾಡಿ ಆ ಕಡಿ ಬಿಟ್ರ ನಿಲ್ಲಂಗಿಲ್ಲ."

"ಆ ಕಡಿ ನಮ್ಮೋರು ಒಬ್ರು ಮಾಡ್ತಾರ. ನಿನಗ ಹೇಳಿದಷ್ಟು ಮಾಡು."

ಮಲಗುವ ಕೋಣೆಯ ಕಡೆ ಗದ್ದೆಮ್ಮ ಮೂರು ದಿನ ದುಡಿದಳು. ದೇವರ ಕೋಣೆಗೆ ಬಂದ ಅವರ ಮನುಷ್ಯ ಒಂದು ತಾಸಿನಲ್ಲಿ ಮುಗಿಸಿ ಹೋದ. ಗೋಡೆಯಾಚೆಯಿಂದ ಉಳಿಯ ಸದ್ದೇ ಬರಲಿಲ್ಲ. ಆಕೆ ಸಾವುಕಾರನಿಗೆ ಹೇಳಿದಳು: "ಆ ಕಡಿ ಬರೇ ಪುಟ್ಟಿ ಬಳದಾರರೀ ಸಾವ್ಕಾರ."

"ನೋಡಾಕ ಬಂದೋರು ಒಂದ್ ತಾಸು ಇರ್ತಾರ. ಅಲ್ಲಿತನಕ ನಿಂತ್ರ ಸಾಕು. ನಿನಗ್ಯಾಕಬೇ ಊರ ಉಸಾಬರಿ?"

ಮನೆಗೆ ಹೊಸ ಪರದೆಗಳು ಬಂದವು, ಅಂಗಳಕ್ಕೆ ಹೂವಿನ ಕುಂಡಗಳು ಬಂದವು. ನಾಲ್ಕನೆಯ ದಿನ ರಾಯಚೂರಿನಿಂದ ನಿವೃತ್ತ ಶಿಕ್ಷಕಿ ರಜಿಯಾ ಬೇಗಂ ಮನೆ ನೋಡಲು ಬಂದರು. ಗದ್ದೆಮ್ಮ ಕಿಟಕಿಯ ಚೌಕಟ್ಟಿಗೆ ಬಣ್ಣ ಹಚ್ಚುತ್ತಿದ್ದಳು. ಸಾವುಕಾರ ಎಲ್ಲ ಕೋಣೆ ನಗುನಗುತ್ತ ತೋರಿಸಿದ. ದೇವರ ಕೋಣೆಯ ಮುಂದೆ ಅನುರಾಧಾ ಅಡ್ಡ ನಿಂತಳು.

"ಇದು ದೇವ್ರ ಮನಿರೀ. ಇಲ್ಲಿಂದಾನ ನೋಡ್ರಿ."

ರಜಿಯಾ ಬೇಗಂ ಅವರ ಮುಖ ಬಿಗಿಯಿತು. "ಮನಿ ತಗೊಂಡ್ರ ಈ ಖೋಲಿನೂ ನಂದ ಆಗ್ತದಲ್ಲಮ್ಮಾ?"

"ಆದಾಗ ಬರ್ರಿ."

ರಜಿಯಾ ಬೇಗಂ ಕಿಟಕಿಯ ಕಡೆ ತಿರುಗಿದರು. "ಏನಮ್ಮಾ, ಒಳಗ ಗ್ವಾಡಿ ಹೆಂಗದ?"

ಸಾವುಕಾರ ಕಣ್ಣು ಕೆಂಪಗೆ ಮಾಡಿ ನೋಡಿದ. ಗದ್ದೆಮ್ಮ ಸುಮ್ಮನಿರಬಹುದಿತ್ತು. ಆದರೆ ಮೂರು ದಿನದ ಸಿಟ್ಟು ಇನ್ನೂ ಆರಿರಲಿಲ್ಲ.

"ನನಗೇನ್ ಗೊತ್ರೀ? ನನ್ನೂ ಒಳಗ ಬಿಟ್ಟಿಲ್ಲ. ಈ ಕಡಿ ನಾ ಉಳಿ ಹಚ್ಚಿದಾಗ ಬಟ್ಟು ಪೂರ್ತಿ ಒಳಗ ಹೋತು. ಆ ಕಡಿ ಉಳಿ ಸಪ್ಳಾನ ಕೇಳಿಲ್ಲ."

ರಜಿಯಾ ಬೇಗಂ ಚಪ್ಪಲಿ ಮೆಟ್ಟಿ ಹೊರಟುಹೋದರು. ಸಾವುಕಾರ ಬಣ್ಣದ ಡಬ್ಬಿಗೆ ಒದ್ದ. ಹೊಸ ಪರದೆಯ ತುಂಬ ಹಸಿರು ಚೆಲ್ಲಿತು.

"ನನ್ನ ಅನ್ನ ತಿಂದು ನನ್ನ ಮನಿಗೇ ಕೇಡು ಬಗೀತಿ ಏನಬೇ?"

"ನಿಮ್ಮನ್ಯಾಗ ನಳದ ನೀರು ಕುಡದೀನಿ. ಅನ್ನ ಯಾವಾಗ ಹಾಕೀರಿ?"

ಉಳಿ, ಬ್ರಷ್ಷು ಚೀಲಕ್ಕೆ ತುರುಕಿಕೊಂಡು ಗದ್ದೆಮ್ಮ ರಾಯಚೂರು ಬಸ್ಸು ಹತ್ತಿದಳು.

ತಿಂಗಳೊಳಗೆ ದೇವರ ಕೋಣೆಯ ಪುಟ್ಟಿ ಹಕ್ಕಳೆಯಂತೆ ಕಿತ್ತು ಬಿತ್ತು. ಗದ್ದೆಮ್ಮ ಮತ್ತೆ ಬರಲೆಂದು ಸಾವುಕಾರ ಮುಷರ್ರಫ್ ಮೇಸ್ತ್ರಿಯ ಕೈಯಲ್ಲಿ ಹೇಳಿ ಕಳಿಸಿದ.

"ಮುಂದಿನ ಬಾಗ್ಲಿಂದ ಬರ್ತೀನಿ, ದೇವ್ರ ಮನ್ಯಾಗ ನಿಂತು ಕೆಲಸ ಮಾಡ್ತೀನಿ. ಒಪ್ಪಿಗಿದ್ರ ಹೇಳ್ರಿ, ಇಲ್ಲಂದ್ರ ಇಲ್ಲ," ಎಂದಳು ಗದ್ದೆಮ್ಮ.

ಬೇರೆ ದಾರಿಯಿಲ್ಲದೆ ಒಪ್ಪಿದರು. ಅನುರಾಧಾ ದೇವರನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಗದ್ದೆಮ್ಮ ಬಿರುಕನ್ನು ಮೊದಲಿನಿಂದ ಉಳಿಯಲ್ಲಿ ಬಿಡಿಸಿ, ಯಾವುದರಲ್ಲೂ ಕೈ ಬಿಗಿ ಹಿಡಿಯದೆ ತುಂಬಿದಳು. ಆ ಮನೆಯ ಮೇಲಿನ ಸಿಟ್ಟನ್ನು ಗೋಡೆಯ ಮೇಲೆ ತೀರಿಸಿಕೊಳ್ಳಲು ಅವಳ ಕೈ ಒಪ್ಪಲಿಲ್ಲ.

ಕೊನೆಯ ದಿನ ಹಿತ್ತಲಲ್ಲಿ ಬ್ರಷ್ಷು ತೊಳೆಯುತ್ತಿದ್ದಾಗ ಒಳಗೆ ಕೊಡಗಟ್ಟಲೆ ನೀರು ಸುರಿಯುವ ಸದ್ದು ಕೇಳಿತು. ಅವಳು ಅಂಗಳ ದಾಟುವ ತನಕವೂ ಅನುರಾಧಾ ಕಾದಿರಲಿಲ್ಲ. ಗದ್ದೆಮ್ಮ ನೆಟ್ಟಗೆ ಹೋಗಿ ದೇವರ ಕೋಣೆಯ ಹೊಸ್ತಿಲ ಮೇಲೆ ನಿಂತಳು.

"ನೆಲಾ ಎಷ್ಟ್ ಬೇಕಾದಷ್ಟು ತೊಳ್ಕೋರಿ. ಗ್ವಾಡಿಗೆ ಸಿಡಿಸಬ್ಯಾಡ್ರಿ, ಪುಟ್ಟಿ ಇನ್ನಾ ಹಸಿ ಅದ."

ಅನುರಾಧಾ ತಲೆಯೆತ್ತಲಿಲ್ಲ. ಆದರೆ ಕೊಡ ಕೆಳಗಿಟ್ಟಳು.

ಎರಡು ತಿಂಗಳಿಗೆ ಕುರ್ಡಿ ಊರಿನ ಕಡೆಯವರೊಬ್ಬರು ಆ ಮನೆ ಕೊಂಡರೆಂದು ಮೇಸ್ತ್ರಿ ತಿಳಿಸಿದರು. "ಸಾವ್ಕಾರ ನಿನ್ನ ಹೆಸರೆತ್ತಿದ್ರ ಇನ್ನಾ ಉರದು ಬೀಳ್ತಾನ," ಎಂದು ನಕ್ಕರು.

"ಬೀಳ್ಲಿ ಬಿಡ್ರಿ," ಎಂದಳು ಗದ್ದೆಮ್ಮ. ಈಗ ಯಾವ ಮನೆಯ ಕೆಲಸ ಬಂದರೂ ಮೊದಲು ಒಂದು ಮಾತು ಕೇಳುತ್ತಾಳೆ: "ಎಲ್ಲಾ ಖೋಲಿಗೂ ಬಿಡ್ತೀರೇನ್ರಿ?" ಎದುರಿನವರು ತಡವರಿಸಿದರೆ, ಚೀಲ ಎತ್ತಿಕೊಂಡು ಹೊರಡುತ್ತಾಳೆ.