ಸೆನ್‌ಶಾ, ಸೆನ್‌ತಾಯ್

ಮಾಳವಿಕಾಳಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇಲ್ಲ. ಶಿಕಾಗೋ ಹತ್ತಿರದ ಲೊಂಬಾರ್ಡಿನ ಅಪಾರ್ಟ್‌ಮೆಂಟಿನಲ್ಲಿ ಅವಳು ಅರ್ಧ ಕುಡಿದಿಟ್ಟ ಕಾಫಿ ಲೋಟಗಳನ್ನು ಹುಡುಕಿ ತೊಳೆಯುವುದೇ ಅತ್ತೆ ರುದ್ರಮ್ಮನಿಗೆ ಒಂದು ಕೆಲಸ. ಮಾಳವಿಕಾ ಓದಿದ್ದು ಮೈಸೂರಿನಲ್ಲಿ, ಜಪಾನಿ ಕಲಿತದ್ದು ಬಿಡದಿಯ ಕಾರ್ ಕಾರ್ಖಾನೆಯ ಗದ್ದಲದಲ್ಲಿ. ಈಗಲೂ ಹೊಟ್ಟೆಪಾಡು ಅದೇ: ಕಾರಿನ ಬಿಡಿಭಾಗಗಳ ಕಂಪನಿಯೊಂದಕ್ಕೆ ಜಪಾನಿ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸುವುದು. ವಾಹನ ಎಂಬ ಅರ್ಥದ ‘ಶಾ’ ಅಕ್ಷರ ದಿನಕ್ಕೆ ನೂರು ಸಲ ಅವಳ ಕಣ್ಣಿಗೆ ಬೀಳುತ್ತದೆ. ಅವಳನ್ನು ಕೆಡಿಸಿದ್ದೂ ಅದೇ ಅಕ್ಷರ.

ಅದೇ ಕಂಪನಿಯಿಂದ ನಿವೃತ್ತರಾದ ಕೆಂಜಿಯವರಿಗೆ ಎಂಬತ್ತೆರಡು ವರ್ಷ. ಅಪ್ಪ ಯುದ್ಧದಲ್ಲಿ ಸತ್ತಾಗ ಅವರಿನ್ನೂ ತೊಟ್ಟಿಲಲ್ಲಿದ್ದರು. ತಾಯಿ ಅಮೆರಿಕನ್ ಸೈನಿಕನೊಬ್ಬನನ್ನು ಮದುವೆಯಾಗಿ ಮಗನೊಂದಿಗೆ ಶಿಕಾಗೋಗೆ ಬಂದರು. ಹಾಗಾಗಿ ಕೆಂಜಿಗೆ ಜಪಾನಿ ಮಾತು ಬರುತ್ತದೆ, ಹಳೆಯ ಕೈಬರಹ ಓದಲು ಬರುವುದಿಲ್ಲ. “ನಿನ್ನಪ್ಪ ವಿಮಾನದವರ ಜೊತೆ ಇದ್ದರು” ಎಂದು ತಾಯಿ ಸಾಯುವವರೆಗೂ ಹೇಳುತ್ತಿದ್ದರಂತೆ. ಓಹೇರ್ ವಿಮಾನ ನಿಲ್ದಾಣಕ್ಕೆ ಇಳಿಯುವ ಒಂದೊಂದು ವಿಮಾನಕ್ಕೂ ಈ ಮನುಷ್ಯ ತಲೆ ಎತ್ತುತ್ತಿದ್ದರು.

ಹೋದ ತಿಂಗಳು ಅವರು ಅಪ್ಪನ ಫೋಟೋ ತಂದು ಹಿಂದಿನ ಬರಹ ತೋರಿಸಿದರು. ಸಾಲಿನ ಮೊದಲ ಭಾಗ ಉಜ್ಜಿಹೋಗಿತ್ತು. ಆಮೇಲೆ ಯುದ್ಧ ಎಂಬ ಅರ್ಥದ ‘ಸೆನ್’, ಪಕ್ಕದಲ್ಲಿ ನೀರು ಕುಡಿದು ಮಾಸಿದ ಒಂದು ಅಕ್ಷರ, ಅದಾದ ಮೇಲೆ ‘ಎರಡನೇ ಚೂತಾಯ್’, ಅಂದರೆ ಎರಡನೇ ದಳ. ಮಾಳವಿಕಾ ಕೂರಲೂ ಇಲ್ಲ. ನಿಂತಲ್ಲೇ, “ಸೆನ್‌ಶಾ. ಅಂದರೆ ಟ್ಯಾಂಕ್. ನಿಮ್ಮ ತಂದೆ ಟ್ಯಾಂಕ್ ದಳದವರು” ಎಂದುಬಿಟ್ಟಳು.

ಮುದುಕರ ಮುಖ ಸಣ್ಣಗಾಯಿತು. “ಹಾಗಾದರೆ ಅಮ್ಮ ಕಥೆ ಕಟ್ಟಿದಳು” ಎಂದರು. ತಾಯಿಯ ಸಮಾಧಿಕಲ್ಲಿನ ಮೇಲೆ ಅಪ್ಪನ ಹೆಸರೂ ದಳವೂ ನಿಜವಿದ್ದಂತೆ ಇರಲಿ ಎಂದು ಕೆತ್ತುವವನನ್ನು ಗೊತ್ತುಮಾಡಿದರು. ಅವನು ಬರುವುದು ಇವತ್ತು ಬೆಳಿಗ್ಗೆ ಎಂಟಕ್ಕೆ.

ಒಂಬತ್ತೂವರೆಗೆ ಉಪ್ಪಿಟ್ಟು ಬಡಿಸುತ್ತಾ ರುದ್ರಮ್ಮ ಕೇಳಿದರು: “ಆ ಅಜ್ಜಾರ ಅಪ್ಪಂದು ಎಂಥಾ ದಳ ಅಂದಿ?”

“ಚೂತಾಯ್ ಅಂತ ಅತ್ತೆ. ಸೈನ್ಯದಲ್ಲಿ ಒಂದು ದಳ.”

“ಬರೇ ದಳ ಅಂದ್ರ ಏನ್ ತಿಳೀಬೇಕವ್ವಾ? ತುಳಸಿ ದಳಾನೂ ಐತಿ, ಓಟಿನ ದಳಾನೂ ಐತಿ. ಮೊದಲ ಏನೈತಿ ಅದನ್ನ ನೋಡಬೇಕು.”

ಮಾಳವಿಕಾಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಚೂತಾಯ್ ಟ್ಯಾಂಕಿನವರಲ್ಲೂ ಉಂಟು, ವಿಮಾನದವರಲ್ಲೂ ಉಂಟು! ಅವತ್ತು ಫೋನಿನಲ್ಲಿ ತೆಗೆದಿಟ್ಟಿದ್ದ ಆ ಬರಹದ ಚಿತ್ರವನ್ನು ಹಿಗ್ಗಿಸಿದಳು. ಟ್ಯಾಂಕಿನದಾಗಿದ್ದರೆ ಚೂತಾಯ್‌ಗೆ ಮುಂಚೆ ‘ರೆಂತಾಯ್’, ಅಂದರೆ ರೆಜಿಮೆಂಟ್, ಎಂದು ಬರೆದಿರಬೇಕಿತ್ತು. ಇಲ್ಲಿ ಇಲ್ಲ. ಆಗಿನ ಜಪಾನಿ ಸೈನ್ಯದಲ್ಲಿ ವಿಮಾನದವರ ರೆಜಿಮೆಂಟಿಗೆ ‘ಸೆನ್‌ತಾಯ್’ ಎಂದೇ ಹೆಸರು. ಅದರ ಬೆನ್ನಿಗೇ ಚೂತಾಯ್ ಬರುತ್ತದೆ. ಮಾಸಿದ್ದು ‘ಶಾ’ ಅಲ್ಲ, ದಳ ಎಂಬ ಅರ್ಥದ ‘ತಾಯ್’.

ಫೋನ್ ಮಾಡಿದಳು. ಎತ್ತಲಿಲ್ಲ. ಕೆಂಜಿಗೆ ಕಿವಿ ಮಂದ.

“ಅತ್ತೆ, ನಾನು ತಪ್ಪು ಓದಿದೀನಿ. ಡ್ರೈವ್ ಮಾಡ್ಕೊಂಡು ಹೋಗ್ಬರ್ತೀನಿ” ಎಂದು ಓಡಿದಳು. ಹೈವೇಯಲ್ಲಿ ಒಂದು ಲೇನ್ ಮುಚ್ಚಿ ರಿಪೇರಿ ಹಚ್ಚಿದ್ದರು. ಆರು ಮೈಲಿಗೆ ಅರ್ಧ ಗಂಟೆ. ಮುಂದಿನ ಲಾರಿಗೆ ಬೈದಳು, ಬಿಡದಿಗೆ ಬೈದಳು, ಕೊನೆಗೆ ಕೂತು ಓದಲಾಗದ ತನಗೇ ಬೈದುಕೊಂಡಳು. ಕಲ್ಲಿಗೆ ಬಿದ್ದ ಅಕ್ಷರವನ್ನು ಯಾರು ಅಳಿಸುತ್ತಾರೆ?

ಸ್ಮಶಾನ ಮುಟ್ಟಿದಾಗ ಹತ್ತೂ ಇಪ್ಪತ್ತು. ಅಪ್ಪನ ಹೆಸರು ಕೆತ್ತಿಯಾಗಿತ್ತು. ಅದರ ಕೆಳಗೆ ‘ಸೆನ್’ ಕೂಡ ಕೆತ್ತಿಯಾಗಿತ್ತು. ಪಕ್ಕದ ‘ಶಾ’ ಇನ್ನೂ ಸೀಮೆಸುಣ್ಣದ ಗೆರೆಯಲ್ಲಿತ್ತು. ಕೆತ್ತುವವನು ಅದರ ಮೇಲೆ ಉಳಿ ಇಡುತ್ತಿದ್ದ.

“ನಿಲ್ಲಿಸಿ!” ಎಂದು ಕೂಗಿದಳು. ಕೆಂಜಿ ತಿರುಗಿ ನೋಡಿದರು. ಅವಳು ಜಪಾನಿ ಪದ್ಧತಿಯಂತೆ ಸೊಂಟ ಬಗ್ಗಿಸಿ, ತಲೆ ಎತ್ತದೆಯೇ ಹೇಳಿದಳು: “ತಪ್ಪು ನನ್ನದು. ಅದು ಸೆನ್‌ತಾಯ್. ನಿಮ್ಮ ತಂದೆ ವಿಮಾನದವರ ಜೊತೆಗೇ ಇದ್ದರು.”

ಕೆಂಜಿ ಬೈಯಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಸೀಮೆಸುಣ್ಣದ ‘ಶಾ’ವನ್ನು ಒರೆಸಿ, ಸುಣ್ಣದ ತುಂಡನ್ನು ಅವಳ ಕೈಗೆ ಕೊಟ್ಟರು. ಅವಳು ಕಲ್ಲಿನ ಮುಂದೆ ಕೂತು ‘ತಾಯ್’ ಬರೆದಳು. ಜೀವನದಲ್ಲಿ ಯಾವ ಅಕ್ಷರವನ್ನೂ ಅಷ್ಟು ನಿಧಾನವಾಗಿ ಬರೆದವಳಲ್ಲ.

ಮೇಲೊಂದು ವಿಮಾನ ಹೋಯಿತು. ಮುದುಕರು ತಲೆ ಎತ್ತಲಿಲ್ಲ, ತಾಯಿಯ ಹೆಸರನ್ನೇ ನೋಡುತ್ತಿದ್ದರು.

“ನೀವಿಬ್ಬರೂ ಸ್ವಲ್ಪ ಆಚೆ ಹೋಗುತ್ತೀರಾ?” ಎಂದರು. “ಒಂದು ತಿಂಗಳು ಅಮ್ಮನನ್ನು ಸುಳ್ಳಿ ಅಂದುಕೊಂಡಿದ್ದೆ. ಅವಳ ಹತ್ತಿರ ಮಾತಾಡಬೇಕು.”